ದಾರದಕ್ಕನ ಮರುಪರೀಕ್ಷೆ

ಸೊನ್ನೆ ಅಂದರೆ ಸೊನ್ನೆ. ಅರ್ಧ ಅಂಕವೂ ಇಲ್ಲ. ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಇಪ್ಪತ್ತೆರಡು ಜನರ ಪಟ್ಟಿಯಲ್ಲಿ, ಎಲ್ಲರಿಗಿಂತ ಬೇಗ ಕೆಲಸ ಮುಗಿಸಿದ ದಾರದಕ್ಕನ ಎದುರಿಗೆ ದುಂಡಗೆ ಒಂದು ಸೊನ್ನೆ ಕೂತಿತ್ತು. ಇದ್ಯಾವ ಸೀಮೆಯ ನ್ಯಾಯ, ನೀವೇ ಹೇಳಿ. ಉಳಿದವರೆಲ್ಲ ಹದಿನೈದು, ಹದಿನೆಂಟು ನಿಮಿಷ ಒದ್ದಾಡಿ ಮುಗಿಸಿದ್ದನ್ನು ಆಕೆ ಎರಡೇ ನಿಮಿಷದಲ್ಲಿ ಮುಗಿಸಿ, ಚಪ್ಪಾಳೆ ಬೀಳುತ್ತೆ ಅಂತ ಕೂದಲು ಸರಿ ಮಾಡಿಕೊಂಡು ನಿಂತಿದ್ದಳು ಬೇರೆ.

ದಾರದಕ್ಕ ಅನ್ನೋದು ಅವಳಿಗೆ ತರಗತಿಯವರು ಇಟ್ಟ ಹೆಸರು. ಇಪ್ಪತ್ತಮೂರು ವರ್ಷ ನೂಲಿನ ಗಿರಣಿಯಲ್ಲಿ ಕಡಿದ ದಾರ ಕಟ್ಟಿದ ಹೆಂಗಸು. ಗಿರಣಿ ಮುಚ್ಚಿತು. ಊರಾಚೆ ಹೊಸ ಪ್ಯಾಕಿಂಗ್ ಕಾರ್ಖಾನೆ ಬಂತು. ಅಲ್ಲಿ ಡಬ್ಬ ತುಂಬೋದೂ ಮಷೀನು, ಮುಚ್ಚೋದೂ ಮಷೀನು. ಆ ಮಷೀನುಗಳನ್ನು ನೋಡಿಕೊಳ್ಳೋಕೆ ಮಾತ್ರ ಮನುಷ್ಯರು ಬೇಕಂತೆ. ಅಂಥವರನ್ನು ತಯಾರು ಮಾಡೋಕೆ ಊರಿನ ಸಮುದಾಯ ಕಾಲೇಜು ಎಂಟು ತಿಂಗಳ ತರಗತಿ ತೆರೆಯಿತು. ಯಾರು ಬೇಕಾದರೂ ಬರಬಹುದು ಅಂದದ್ದೇ ತಡ, ಊರಿಗೆ ಊರೇ ಬಂತು. ಹೋಟೆಲ್ ಅಡುಗೆಯವನು, ಆಸ್ಪತ್ರೆಯ ಆಯಾ, ನಿವೃತ್ತ ಸೈನಿಕ, ಬೇರೆ ದೇಶದಿಂದ ಬಂದು ಇಲ್ಲಿನ ಮಾತನ್ನು ಇನ್ನೂ ಎಡವಿ ಎಡವಿ ಆಡುವ ಅಕ್ಕತಂಗಿಯರು. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಎಲ್ಲರಿಗೂ ಬೇಕಾದದ್ದು ಮಾತ್ರ ಒಂದೇ, ಆ ಕಾರ್ಖಾನೆಯ ಗೇಟಿನೊಳಗೆ ಕಾಲಿಡೋದು.

ದಾರದಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಸೀದಾ ವರ್ಕ್‌ಶಾಪಿಗೆ ನುಗ್ಗಿದಳು. ಟೀಚರಮ್ಮ ಕೋಟಿನ ಜೇಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು, ಡಬ್ಬ ಸಾಗಿಸುವ ಲೈನಿನ ಬೆಲ್ಟು ಒರೆಸುತ್ತಾ ನಿಂತಿದ್ದಳು. ವಯಸ್ಸು ಮೂವತ್ತು ಇರಬಹುದು. ದಾರದಕ್ಕ ಗಿರಣಿಗೆ ಸೇರಿದಾಗ ಈ ಪುಣ್ಯಾತ್ಗಿತ್ತಿ ಇನ್ನೂ ಮೂಗು ಸುರಿಸಿಕೊಂಡು ಓಡಾಡ್ತಿದ್ದಿರಬೇಕು.

"ಟೀಚರ್, ನನ್ನ ಅಂಕ ತಪ್ಪಾಗಿ ಬಿದ್ದಿದೆ."

"ತಪ್ಪಾಗಿಲ್ಲ ಅಕ್ಕಾ. ನೋಡಿಯೇ ಹಾಕಿದ್ದು."

"ಎರಡು ನಿಮಿಷದಲ್ಲಿ ಲೈನು ಓಡಿಸಿದೀನಿ!"

"ಓಡಿಸಿದ್ರಿ. ಬೀಗ ಎಲ್ಲಿ ಹಾಕಿದ್ರಿ?"

ಅಲ್ಲಿಗೆ ಬಂತು ನೋಡಿ ವಿಷಯ. ಪರೀಕ್ಷೆಯಲ್ಲಿ ಕೊಟ್ಟಿದ್ದು ಇಷ್ಟೇ: ಬೆಲ್ಟಿನ ಮೇಲೆ ಡಬ್ಬ ಸಿಕ್ಕಿಕೊಂಡು ಲೈನು ನಿಂತಿದೆ, ಸರಿಪಡಿಸಿ. ಅದಕ್ಕೆ ಕಾಲೇಜಿನಲ್ಲಿ ಮೊದಲ ದಿನದಿಂದ ನಾಲ್ಕು ಹೆಜ್ಜೆ ಹೇಳಿಕೊಟ್ಟಿದ್ದರು. ಮೇನ್ ಸ್ವಿಚ್ಚು ಇಳಿಸು. ಅದಕ್ಕೆ ನಿನ್ನದೇ ಬೀಗ ಹಾಕಿ ಕೀ ಜೇಬಿಗಿಡು. ಬೀಗಕ್ಕೆ ನಿನ್ನ ಹೆಸರಿನ ಚೀಟಿ ಕಟ್ಟು. ಆಮೇಲೆ ಸ್ಟಾರ್ಟ್ ಒತ್ತಿ, ಮಷೀನು ನಿಜವಾಗಿಯೂ ಸತ್ತಿದೆಯಾ ನೋಡು. ಇಷ್ಟಾದ ಮೇಲೆ ಕೈ ಒಳಗೆ. ದಾರದಕ್ಕ ಪುಸ್ತಕದ ಪರೀಕ್ಷೆಯಲ್ಲಿ ಈ ನಾಲ್ಕನ್ನೂ ಮುತ್ತು ಪೋಣಿಸಿದ ಹಾಗೆ ಬರೆದು ಪೂರ್ತಿ ಅಂಕ ತಗೊಂಡಿದ್ದಳು. ಆದರೆ ಮಷೀನಿನ ಮುಂದೆ ನಿಂತಾಗ ಕೈ ಸರ್ರನೆ ಒಳಗೆ ಹೋಗಿ, ಡಬ್ಬ ಎಳೆದು, ಹೊರಗೆ ಬಂದಿತ್ತು. ತಲೆಗೆ ಗೊತ್ತಾಗೋ ಮೊದಲೇ ಕೆಲಸ ಮುಗಿದಿತ್ತು.

ಗಿರಣಿಯಲ್ಲಿ ಅದನ್ನೇ ಕಲಿಸಿದ್ದು. ನೂಲು ಸುತ್ತುವ ಕದಿರು ಗಿರ್ರನೆ ತಿರುಗುತ್ತಿರುವಾಗಲೇ ಕೈ ಹಾಕಿ ದಾರ ಕಟ್ಟಬೇಕು. ಮಷೀನು ನಿಲ್ಲಿಸಿ ಕಟ್ಟೋಳು ಕೈಲಾಗದೋಳು ಅನ್ನಿಸಿಕೊಳ್ಳುತ್ತಿದ್ದಳು. ನಿಲ್ಲಿಸದೆ ಕಟ್ಟೋದರಲ್ಲಿ ದಾರದಕ್ಕನದು ಎತ್ತಿದ ಕೈ.

"ಒಂದು ನಿಮಿಷ ಇಲ್ಲಿ ನಿಲ್ಲಿ" ಅಂದಳು ಟೀಚರಮ್ಮ. ಬೆಲ್ಟಿನ ಮೇಲೆ ಒಂದು ಡಬ್ಬವನ್ನು ಬೇಕಂತಲೇ ಅಡ್ಡ ಸಿಕ್ಕಿಸಿದಳು. ಲೈನು ನಿಂತಿತು. ಮೂಲೆಯಲ್ಲಿದ್ದ ದಪ್ಪ ರಟ್ಟಿನ ಕೊಳವೆ ತಂದಳು, ಬಟ್ಟೆ ಥಾನು ಸುತ್ತಿರುತ್ತಾರಲ್ಲ, ಅಂಥದ್ದು. ದೂರ ನಿಂತು, ಬೀಗ ಹಾಕದೆ, ಕೊಳವೆಯ ತುದಿಯಿಂದ ಡಬ್ಬವನ್ನು ತಳ್ಳಿದಳು. ಡಬ್ಬ ಜರುಗಿದ್ದೇ ತಡ, ಬೆಲ್ಟು ಧಡಕ್ಕನೆ ಹೊರಟಿತು. ಮೇಲಿನ ರೋಲರು ಕೊಳವೆಯನ್ನು ಒಳಕ್ಕೆಳೆದುಕೊಂಡು ಚಪ್ಪಟೆ ಮಾಡಿ ಆ ಕಡೆ ಉಗುಳಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು.

"ನಿಮ್ಮ ಹಳೇ ಮಷೀನು ನಿಂತರೆ ನಿಂತ ಹಾಗೆ. ಇದು ನಿಂತಿರಲ್ಲ ಅಕ್ಕಾ, ಕಾಯ್ತಾ ಇರುತ್ತೆ. ದಾರಿ ಬಿಟ್ಟರು ಅಂತ ಇದರ ಸೆನ್ಸರಿಗೆ ಕಂಡರೆ ಹೊರಟೇಬಿಡುತ್ತೆ. ದಾರಿ ಬಿಟ್ಟೋರ ಕೈ ಎಲ್ಲಿದೆ ಅಂತ ಅದಕ್ಕೆ ಕಾಣಲ್ಲ. ಅವತ್ತು ನಿಮ್ಮ ಕೈ ಅದಕ್ಕಿಂತ ಬೇಗ ಇತ್ತು. ದಿನಾ ಇರುತ್ತಾ?"

ದಾರದಕ್ಕ ಆ ಚಪ್ಪಟೆ ರಟ್ಟನ್ನು ಕೈಗೆತ್ತಿಕೊಂಡು ನೋಡಿದಳು.  ಕೋಪ ಇಳಿಯಿತು ಅಂತಲ್ಲ, ಅದು ಇಳಿಯೋ ಜಾತಿಯದೇ ಅಲ್ಲ. ಆದರೆ ಟೀಚರಮ್ಮನ ಮೇಲಿದ್ದ ಕೋಪ ಅವಳ ಸ್ವಂತ ಬಲಗೈಯ ಕಡೆ ತಿರುಗಿತು.

"ಮತ್ತೆ ಪರೀಕ್ಷೆ ಇದೆಯಾ?"

"ಎರಡು ವಾರಕ್ಕೆ. ಹೊರಗಿನ ಪರೀಕ್ಷಕರು ಬರ್ತಾರೆ. ಒಬ್ಬರಿಗೆ ಒಂದೇ ಮರುಪರೀಕ್ಷೆ. ಮುಂದಿನ ತಂಡಕ್ಕೆ ನಲವತ್ತೈದು ದಾಟಿದೋರನ್ನ ಕಾರ್ಖಾನೆಯವರು ತಗೊಳ್ಳಲ್ಲ ಅಂದಿದಾರೆ. ನಿಮಗೆ..."

"ನಲವತ್ತೇಳು" ಅಂದಳು ದಾರದಕ್ಕ. "ಈ ಸಲ ಇಲ್ಲ ಅಂದ್ರೆ ಇನ್ನಿಲ್ಲ. ಅರ್ಥ ಆಯ್ತು ಬಿಡಿ."

ಮನೆಯಲ್ಲಿ ಇರೋದು ಇಬ್ಬರೇ, ಅತ್ತೆ ಮತ್ತು ಸೊಸೆ. ದಾರದಕ್ಕನ ಗಂಡ ತೀರಿಕೊಂಡು ಆರು ವರ್ಷ. ಅತ್ತೆಗೆ ಎಪ್ಪತ್ತಾರು, ಹಲ್ಲು ಕಡಿಮೆ, ಬಾಯಿ ಜಾಸ್ತಿ. ಸೊನ್ನೆಯ ಕಥೆ ಕೇಳಿ ಮೊದಲು ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸೊಸೆಯ ಮುಖ ನೋಡಿ ನಗು ನಿಲ್ಲಿಸಿದಳು.

"ಈಗೇನು ಮಾಡ್ತೀಯೇ?"

"ಕೈಗೆ ಬುದ್ಧಿ ಕಲಿಸ್ತೀನಿ ಅತ್ತೆ. ತಲೆಗೆ ಬಂದಿದೆ, ಕೈಗೆ ಬಂದಿಲ್ಲ. ನೀವು ಜೊತೆಗಿರಬೇಕು."

"ನಾನೇನು ಮಾಡಲಿ, ನನಗೆ ಮಷೀನು ಗಿಷೀನು ಗೊತ್ತಾ?"

"ನಿಮಗೆ ಬೈಯೋಕೆ ಬರುತ್ತಲ್ಲ, ಅಷ್ಟು ಸಾಕು."

ಮಾರನೇ ಬೆಳಿಗ್ಗೆಯಿಂದ ಆ ಮನೆಯಲ್ಲಿ ನಡೆದದ್ದನ್ನು ಕಂಡ ಪಕ್ಕದ ಮನೆಯವರು ಅತ್ತೆ ಸೊಸೆ ಇಬ್ಬರಿಗೂ ಒಟ್ಟಿಗೇ ತಲೆ ಕೆಟ್ಟಿದೆ ಅಂದುಕೊಂಡರು. ಮಿಕ್ಸಿಯ ಪ್ಲಗ್ಗಿಗೆ ಒಂದು ಹಳೇ ಟಿಫಿನ್ ಡಬ್ಬಿ, ಅದರ ಪಕ್ಕಕ್ಕೆ ತೂತು ಕೊರೆದು, ಪ್ಲಗ್ಗು ಒಳಗಿಟ್ಟು, ಡಬ್ಬಿಗೆ ಬೀಗ. ಬಟ್ಟೆ ಒಗೆಯುವ ಮಷೀನಿಗೂ ಹಾಗೇ. ಕರೆಂಟಿನ ಹೊಲಿಗೆ ಮಷೀನಿಗೂ ಹಾಗೇ. ಯಾವುದನ್ನು ಮುಟ್ಟಬೇಕಾದರೂ ನಾಲ್ಕು ಹೆಜ್ಜೆ: ತೆಗಿ, ಬೀಗ ಹಾಕು, ಚೀಟಿ ಕಟ್ಟು, ಒತ್ತಿ ನೋಡು. ಅತ್ತೆಯ ಕೆಲಸ ಸೂಪರ್‌ವೈಸರ್ ಆಗಿ ಅವಸರ ಮಾಡೋದು. ಮುದುಕಿಗೆ ಆ ಪಾತ್ರ ಎಷ್ಟು ಹಿಡಿಸಿತು ಅಂದರೆ, ಕುರ್ಚಿ ಎಳೆದುಕೊಂಡು ಅಡುಗೆಮನೆ ಬಾಗಿಲಲ್ಲೇ ಕೂತುಬಿಟ್ಟಳು.

"ಬೇಗ ಬೇಗ! ಲೈನು ನಿಂತು ಎಷ್ಟೊತ್ತಾಯ್ತು! ನಿನ್ನ ಕೈಗೇನು ಲಕ್ವ ಹೊಡೆದಿದೆಯಾ? ಆ ಪಕ್ಕದೋಳು ನೋಡು, ನಾಲ್ಕು ಡಬ್ಬ ಮುಗಿಸಿದಳು!"

ಮೂರನೇ ದಿನ ಮಿಕ್ಸಿಯ ಜಾರಿಗೆ ಏನೋ ಅಂಟಿಕೊಂಡಿತು. ಅತ್ತೆ ಕೂಗುತ್ತಲೇ ಇದ್ದಳು. ದಾರದಕ್ಕನ ಕೈ ಸೀದಾ ಬ್ಲೇಡಿನ ಹತ್ತಿರ ಹೋಯಿತು, ಪ್ಲಗ್ಗು ಗೋಡೆಯಲ್ಲೇ ಇತ್ತು. ಅತ್ತೆ ಹಿಂದುಮುಂದು ನೋಡದೆ ಸೌಟಿನಿಂದ ಮಣಿಕಟ್ಟಿಗೆ ಒಂದು ಬಿಟ್ಟಳು.

"ಅಯ್ಯೋ! ನಿಜವಾಗಿ ಹೊಡೀತೀರಲ್ಲ!"

"ಇನ್ನೇನು ಸುಳ್ಳಾಗಿ ಹೊಡೀಲಾ? ಗೋಡೆ ಮೇಲೆ ಗೀಟು ಹಾಕೇ. ಇವತ್ತಿಗೆ ಐದು."

ಪ್ರತಿ ತಪ್ಪಿಗೆ ಅಡುಗೆಮನೆಯ ಗೋಡೆಯ ಮೇಲೆ ಪೆನ್ಸಿಲಿನ ಒಂದು ಗೀಟು. ಮೊದಲ ದಿನ ಹನ್ನೊಂದು, ಮಾರನೇ ದಿನ ಏಳು. ಆರನೇ ದಿನ ಎರಡಕ್ಕೆ ಇಳಿದು, ಏಳನೇ ದಿನ ಮತ್ತೆ ಆರಕ್ಕೆ ಏರಿತು. ಅವತ್ತು ದಾರದಕ್ಕ ಸ್ಟೂಲಿನ ಮೇಲೆ ಕೂತು ಗಳಗಳನೆ ಅತ್ತಳು. ಇಪ್ಪತ್ತಮೂರು ವರ್ಷ ತಾನು ಮೆರೆದ ಕೈ, ನಾಲ್ಕು ಜನ ಹೊಗಳಿದ ಕೈ, ಅದನ್ನೇ ಈಗ ಕಳ್ಳನನ್ನು ಕಾದ ಹಾಗೆ ಕಾಯಬೇಕಾಯಿತಲ್ಲ ಅನ್ನೋ ಸಂಕಟ ಅದು.

ಅತ್ತೆ ಸಮಾಧಾನ ಗಿಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತು ಅಳಲು ಬಿಟ್ಟು, ಕೇಳಿದಳು: "ಮುಗೀತಾ?"

"ಹೂಂ."

"ಹಾಗಾದ್ರೆ ಏಳು. ಬಟ್ಟೆ ಮಷೀನು ನಿಂತಿದೆ."

ಹಲ್ಲು ಕಚ್ಚಿ ಎದ್ದಳು. ಬೆಳಿಗ್ಗೆ ಎಂಟಕ್ಕೇ ಕಾಲೇಜಿಗೆ ಹೋಗಿ ತರಗತಿ ಶುರುವಾಗೋವರೆಗೆ ಖಾಲಿ ಲೈನಿನ ಮುಂದೆ ಅದನ್ನೇ ಮಾಡುತ್ತಿದ್ದಳು. ಕೀಯನ್ನು ಎಡಗಡೆ ಜೇಬಿಗೇ ಹಾಕೋದು, ಚೀಟಿಯ ದಾರಕ್ಕೆ ಗಿರಣಿಯ ಗಂಟನ್ನೇ ಹಾಕೋದು. ಆ ಗಂಟಾದರೂ ಕೈಗೆ ಗೊತ್ತಿರೋದೇ ಆಗಿರಲಿ ಅಂತ. ಹನ್ನೆರಡನೇ ದಿನ ಗೋಡೆಯ ಮೇಲೆ ಗೀಟು ಬೀಳಲಿಲ್ಲ, ಹದಿಮೂರನೇ ದಿನವೂ ಇಲ್ಲ. ಅತ್ತೆಗೆ ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಮರುಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ಪರೀಕ್ಷಕರು ಬಂದರು. ಬೋಳು ತಲೆ, ಕುತ್ತಿಗೆಗೆ ನೇತುಹಾಕಿದ ಕನ್ನಡಕ, ಕೈಯಲ್ಲಿ ಸ್ಟಾಪ್‌ವಾಚು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಈ ಸಲ ಕೆಲಸ ಜೋಡಿಯಲ್ಲಿ, ಅಂಕ ಬೇರೆ ಬೇರೆ. ದಾರದಕ್ಕನ ಜೋಡಿ ಡ್ರೈವರ್. ಹದಿನೇಳು ವರ್ಷ ಲಾರಿ ಓಡಿಸಿದವನು, ಬೆನ್ನು ನೋವು ಅಂತ ಬಿಟ್ಟು ಬಂದವನು. ಮೊದಲ ಪರೀಕ್ಷೆಯ ದಿನ ಮಗುವಿಗೆ ಜ್ವರ ಅಂತ ಬಂದಿರಲಿಲ್ಲ. ಹಾಗಾಗಿ ಇದೇ ಅವನಿಗೆ ಮೊದಲನೆಯದು.

"ಅಕ್ಕಾ, ನೀನಿದ್ದೀಯಲ್ಲ, ನನಗೆ ಆನೆಬಲ" ಅಂದ.

"ಆನೆಬಲ ಆಮೇಲೆ. ಮೊದಲು ಬೀಗ ತಂದಿದೀಯಾ ತೋರಿಸು."

"ಇಪ್ಪತ್ತು ನಿಮಿಷ" ಅಂದರು ಪರೀಕ್ಷಕರು. "ಲೈನು ನಿಂತಿದೆ. ಸರಿಪಡಿಸಿ ಓಡಿಸಬೇಕು."

ಇಬ್ಬರೂ ಹತ್ತಿರ ಹೋದರು. ರೋಲರಿನ ಬಾಯಲ್ಲಿ ಒಂದು ಡಬ್ಬ ಓರೆಯಾಗಿ ಸಿಕ್ಕಿಕೊಂಡಿತ್ತು. ಅದರ ಮೂಲೆ ಹೊರಗೇ ಚಾಚಿಕೊಂಡಿತ್ತು, ಒಂದು ಸಲ ಎಳೆದರೆ ಬಂದುಬಿಡುವ ಹಾಗೆ. ದಾರದಕ್ಕನ ಬಲಗೈ ಎದ್ದಿತು. ಅವಳು ಎತ್ತಲಿಲ್ಲ, ಅದೇ ಎದ್ದಿತು. ಡಬ್ಬಕ್ಕೆ ಇನ್ನು ಒಂದು ಗೇಣು ಇದೆ ಅನ್ನುವಾಗ ಎಡಗೈಯಿಂದ ಬಲಗೈಯನ್ನು ಗಬಕ್ಕನೆ ಹಿಡಿದು ಹಿಂದಕ್ಕೆಳೆದುಕೊಂಡಳು.  ಬೋಳು ತಲೆಯವರು ಏನೋ ಬರೆದುಕೊಂಡರು. ಬರೆದುಕೊಳ್ಳಲಿ! ಮುಟ್ಟಿಲ್ಲವಲ್ಲ.

"ತೆಗಿ" ಅಂತ ಗಟ್ಟಿಯಾಗಿ ಹೇಳಿ ಮೇನ್ ಸ್ವಿಚ್ಚು ಇಳಿಸಿದಳು. ಒಂದಕ್ಕಿಂತ ಹೆಚ್ಚು ಬೀಗ ಹಿಡಿಯುವ ಕಬ್ಬಿಣದ ಕೊಂಡಿಯನ್ನು ಹ್ಯಾಂಡಲಿಗೆ ಸಿಕ್ಕಿಸಿ ತನ್ನ ಕೆಂಪು ಬೀಗ ಹಾಕಿದಳು. ಅದರ ಪಕ್ಕಕ್ಕೆ ಡ್ರೈವರ್ ತನ್ನ ಹಸಿರು ಬೀಗ ಹಾಕಿದ. ಯಾರ ಬೀಗವನ್ನು ಯಾರೂ ತೆಗೆಯುವ ಹಾಗಿಲ್ಲ. ಎಲ್ಲರದೂ ಬಿಚ್ಚದೆ ಹ್ಯಾಂಡಲು ಮೇಲೇಳೋದಿಲ್ಲ. ಚೀಟಿಯಲ್ಲಿ ಹೆಸರು ಬರೆಯೋ ಜಾಗದ ಕೆಳಗೆ ಅವಳು ದಪ್ಪ ಅಕ್ಷರದಲ್ಲಿ "ಒಳಗೆ ನಾನಿದ್ದೀನಿ" ಅಂತ ಬರೆದು ಕಟ್ಟಿದಳು. ಸ್ಟಾರ್ಟ್ ಒತ್ತಿ ನೋಡಿದಳು. ಮಷೀನು ಮಿಸುಕಲಿಲ್ಲ.

ಡಬ್ಬ ತೆಗೆದದ್ದಾಯಿತು. ಆದರೆ ಅದು ಸಿಕ್ಕಿಕೊಂಡದ್ದು ಯಾಕೆ? ಡ್ರೈವರ್ ಆ ಕಡೆಗೆ ಹೋಗಿ ನೋಡಿದ. ಸೆನ್ಸರಿನ ಗಾಜಿಗೆ ಅಂಟು ಮೆತ್ತಿಕೊಂಡಿತ್ತು. ಅದನ್ನು ಒರೆಸಿದ. ದಾರದಕ್ಕ ಈ ಕಡೆ ಮೊಣಕೈವರೆಗೆ ಒಳಗೆ ತೂರಿಸಿ ರೋಲರು ತಡವಿದಳು. ಒಳಗಿನ ತಗಡಿನ ಪಟ್ಟಿ ಜರುಗಿತ್ತು. ಅದು ಕಣ್ಣಿಗೆ ಕಾಣುವ ಜಾಗವಲ್ಲ, ಕೈಗೆ ಮಾತ್ರ ಸಿಗುವಂಥದ್ದು. ಇಷ್ಟು ದಿನ ಬೈಸಿಕೊಂಡ ಅದೇ ಕೈ ಈಗ ಕತ್ತಲಲ್ಲಿ ಒಂದೊಂದೇ ತಿರುಪು ಹುಡುಕಿ ಸಡಿಲಿಸಿತು.

"ನನ್ನ ಕಡೆದು ಮುಗೀತು ಅಕ್ಕಾ" ಅಂತ ಡ್ರೈವರ್ ತನ್ನ ಹಸಿರು ಬೀಗ ಬಿಚ್ಚಿಕೊಂಡ. ಅದು ನಿಯಮದಂತೆಯೇ.

"ಆರು ನಿಮಿಷ ಉಳಿದಿದೆ" ಅಂದರು ಪರೀಕ್ಷಕರು.

ದಾರದಕ್ಕ ಪಟ್ಟಿಯನ್ನು ಜಾಗಕ್ಕೆ ತಂದಳು. ಅದು ಕೂರಲಿಲ್ಲ. ಸ್ಪ್ಯಾನರಿನ ಹಿಡಿಯಿಂದ ಮಷೀನಿನ ಮೈಗೆ ಎರಡು ತಟ್ಟಿದಳು. ಟಕ್, ಟಕ್.

ಲಾರಿಯ ಹಿಂದೆ ನಿಂತ ಕ್ಲೀನರು ಮೈಗೆ ಎರಡು ಸಲ ತಟ್ಟಿದರೆ ಏನರ್ಥ? ಎಲ್ಲ ಸರಿಯಿದೆ, ಹೊರಡು. ಹದಿನೇಳು ವರ್ಷ, ದಿನಕ್ಕೆ ಹತ್ತಾರು ಸಲ, ಆ ಎರಡು ಏಟು ಕೇಳಿದ್ದೇ ಡ್ರೈವರಿನ ಕೈ ತಾನಾಗಿ ಕೀ ತಿರುಗಿಸಿತ್ತು. ಈಗಲೂ ತಿರುಗಿಸೋಕೆ ಹೋಯಿತು. ಮೇನ್ ಸ್ವಿಚ್ಚಿನ ಹ್ಯಾಂಡಲು ಹಿಡಿದು ಮೇಲಕ್ಕೆ ಎತ್ತಿದ.

ಖಟ್.

ಏಳಲಿಲ್ಲ. ಇನ್ನೊಮ್ಮೆ ಜೋರಾಗಿ ಎತ್ತಿದ. ಖಟ್. ಆಮೇಲೆ ಅವನ ಕಣ್ಣು ಕೆಂಪು ಬೀಗದ ಮೇಲೆ ಬಿತ್ತು, ಅದರ ಕೆಳಗೆ ತೂಗಾಡುತ್ತಿದ್ದ ಚೀಟಿಯ ಮೇಲೆ ಬಿತ್ತು. ಓದಿದ. ಅಲ್ಲಿಂದ ಮಷೀನಿನ ಕಡೆ ತಿರುಗಿದ. ದಾರದಕ್ಕನ ತೋಳು ಮೊಣಕೈವರೆಗೆ ಒಳಗೇ ಇತ್ತು. ಅವನ ಬಾಯಿಂದ ಏನೋ ಒಂದು ಶಬ್ದ ಬಂತು, ಮಾತಂತೂ ಅಲ್ಲ.

ಆ ಸದ್ದು ದಾರದಕ್ಕನಿಗೂ ಕೇಳಿಸಿತ್ತು. ಎರಡು ಸಲವೂ ಕೇಳಿಸಿತ್ತು. ಅದು ಯಾತರ ಸದ್ದು ಅಂತ ಗೊತ್ತಾಗೋಕೆ ಒಂದು ಕ್ಷಣ ಬೇಕಾಯಿತು. ಗೊತ್ತಾದಾಗ ತೋಳು ಹೊರಕ್ಕೆಳೆದುಕೊಂಡು ಓಡಿಹೋಗಬೇಕು ಅನ್ನಿಸಿತು. ಅವನ ಕೆನ್ನೆಗೆ ಎರಡು ಬಿಗಿಯಬೇಕು ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳೋಣ. ಒಂದನ್ನೂ ಮಾಡಲಿಲ್ಲ. ಕೀ ತನ್ನ ಎಡಗಡೆ ಜೇಬಿನಲ್ಲಿದೆ. ಲೋಕದಲ್ಲಿ ಯಾರೇ ಬಂದು ಎತ್ತಿದರೂ ಆ ಹ್ಯಾಂಡಲು ಏಳೋದಿಲ್ಲ. ಜಾಗಕ್ಕೆ ಕೂತಿದ್ದ ಪಟ್ಟಿಯ ತಿರುಪುಗಳನ್ನು ಬಿಗಿ ಮಾಡಿದಳು. ಆಮೇಲೆ ತೋಳು ಹೊರತೆಗೆದಳು.

 ಟೀಚರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಡ್ರೈವರ್ ಗೋಡೆಗೊರಗಿ ಕುಸಿದಿದ್ದ.

"ಎರಡು ನಿಮಿಷ" ಅಂದರು ಪರೀಕ್ಷಕರು. 

"ಏಳು ತಮ್ಮಾ" ಅಂದಳು ದಾರದಕ್ಕ. "ಸ್ಟಾರ್ಟ್ ಬಟನ್ನಿನ ಹತ್ರ ನಿಂತ್ಕೋ. ನಾನು ಹೇಳೋವರೆಗೂ ಮುಟ್ಟಬೇಡ."

"ನನ್ನ ಕೈಲಾಗಲ್ಲ ಅಕ್ಕಾ."

"ಆಗುತ್ತೆ. ಏಳು ಅಂದೆ!"

ಎದ್ದ. ಅವಳು ಮಷೀನಿನ ಸುತ್ತ ಒಂದು ಸುತ್ತು ಬಂದಳು, ಉಪಕರಣ ಎಲ್ಲ ಹೊರಗಿದೆಯಾ, ಯಾರಾದರೂ ಹತ್ತಿರ ಇದ್ದಾರಾ ನೋಡಿದಳು. "ನನ್ನ ಬೀಗ ನಾನೇ ತೆಗೀತಿದೀನಿ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ ಬೀಗ ಬಿಚ್ಚಿ, ಹ್ಯಾಂಡಲು ಎತ್ತಿದಳು. "ಈಗ ಒತ್ತು." ಡ್ರೈವರ್ ಒತ್ತಿದ. ಬೆಲ್ಟು ಹೊರಟಿತು. ಡಬ್ಬಗಳು ಒಂದರ ಹಿಂದೆ ಒಂದು ಸರಾಗವಾಗಿ ರೋಲರಿನ ಕೆಳಗೆ ನುಗ್ಗಿ ಆ ಕಡೆ ಹೊರಬಿದ್ದವು. ಗಡಿಯಾರದಲ್ಲಿ ಇನ್ನೂ ನಲವತ್ತು ಸೆಕೆಂಡು ಇತ್ತು.

ಪರೀಕ್ಷಕರು ಕನ್ನಡಕ ಏರಿಸಿಕೊಂಡು ಕಡ್ಡಿ ಮುರಿದಂತೆ ಹೇಳಿದರು: "ನೀವು ಪಾಸು. ನಿಮ್ಮ ಹೆಸರು ಇವತ್ತೇ ಕಾರ್ಖಾನೆಗೆ ಕಳಿಸ್ತೀನಿ." ಡ್ರೈವರಿನ ಕಡೆ ತಿರುಗಿ, "ನಿಮ್ಮದು ಸೊನ್ನೆ. ಇನ್ನೊಂದು ಅವಕಾಶ ಇದೆ, ಮುಂದಿನ ತಿಂಗಳು" ಅಂದರು. ಸಹಿ ಹಾಕಿ ಹೋದರು.

ದಾರದಕ್ಕನಿಗೆ ಕುಣಿಯಬೇಕು ಅನ್ನಿಸಬೇಕಿತ್ತು. ಅತ್ತೆಗೆ ಫೋನು ಮಾಡಬೇಕಿತ್ತು. ಮೊದಲು ಡ್ರೈವರ್ ಎಲ್ಲಿ ಅಂತ ಹುಡುಕಿದಳು. ಅವನು ಹಿಂಬಾಗಿಲಿನ ಮೆಟ್ಟಿಲ ಮೇಲೆ ತಲೆ ಮೇಲೆ ಕೈಹೊತ್ತು ಕೂತಿದ್ದ. ಅವಳು ಬಂದದ್ದು ತಿಳಿದರೂ ಮುಖ ಎತ್ತಲಿಲ್ಲ.

"ನಾನು ನಾಳೆಯಿಂದ ಬರಲ್ಲ ಅಕ್ಕಾ" ಅಂದ. "ಇದು ನನ್ನಂಥೋನಿಗಲ್ಲ. ಎರಡು ಸಲ ಎತ್ತಿದೆ. ಒಂದು ಸಲ ಅಲ್ಲ, ಎರಡು ಸಲ. ಆ ಬೀಗ ಒಂದು ಇಲ್ಲದೇ ಇದ್ದಿದ್ರೆ ನಿನ್ನ ಕೈ..."  ಗಂಡಸು ಅಳಬಾರದು ಅಂತ ಎಲ್ಲೋ ಕೇಳಿದ್ದು ನೆನಪಾಗಿರಬೇಕು, ತೋಳಿನಿಂದ ಮುಖ ಮುಚ್ಚಿಕೊಂಡ.

ದಾರದಕ್ಕ ಅವನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಗ್ರೀಸು ಮೆತ್ತಿಕೊಂಡಿದ್ದ ಎರಡೂ ಕೈಯನ್ನು ಅವನ ಮುಂದೆ ಚಾಚಿ, ಬೆರಳು ಅಗಲಿಸಿ ಹಿಡಿದಳು.

"ಎಣಿಸು."

"ಬೇಡ ಅಕ್ಕಾ."

"ಎಣಿಸೋ ಅಂದ್ರೆ!"

ಅವನು ಎಣಿಸಿದ. ಒಂದೊಂದೇ ಬೆರಳನ್ನು ಮುಟ್ಟಿ, ಚಿಕ್ಕ ಮಕ್ಕಳು ಎಣಿಸುವ ಹಾಗೆ ಬಾಯಿಬಿಟ್ಟು ಎಣಿಸಿದ. ನಾಲ್ಕಕ್ಕೆ ತಪ್ಪಿ ಮತ್ತೆ ಒಂದರಿಂದ ಶುರುಮಾಡಿದ, ಏಳಕ್ಕೆ ನಿಂತು ತೋಳಿನಿಂದ ಕಣ್ಣೊರೆಸಿಕೊಂಡ. ಅವಳು ಕಾದಳು, ಕೈ ಕದಲಿಸಲಿಲ್ಲ. ಹತ್ತನೆಯದನ್ನು ಮುಟ್ಟಿದವನು ಅದನ್ನು ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತ.

"ಎಲ್ಲ ಇದಾವಲ್ಲ? ಸಾಕು ಬಿಡು" ಅಂದಳು ದಾರದಕ್ಕ. ಅವಳ ಕಣ್ಣಲ್ಲೂ ನೀರಿತ್ತು. "ನಾಳೆ ಬರಲ್ಲ ಅನ್ನೋದೆಲ್ಲ ನನ್ನ ಹತ್ರ ನಡೆಯಲ್ಲ. ಮುಖ ತೊಳ್ಕೊಂಡು ಬಾ. ಟೀಚರ್ ಹತ್ರ ಹೋಗಿ ನಿನ್ನ ಮರುಪರೀಕ್ಷೆಯ ತಾರೀಖು ಬರೆಸಿ ಬರೋಣ."